ತಿಪ್ಪವ್ವನ ಎಡಗಿವಿ

ನಮ್ಮ ಊರಿನ ಲಗ್ನಪತ್ರಿಕೆಗಳಲ್ಲಿ ಅಜ್ಜ ಅಜ್ಜಿಯರ ಹೆಸರು ಹಾಕುವ ಪದ್ಧತಿ ಇಲ್ಲ. ಹುಡುಗ, ಹುಡುಗಿ, ಅವರ ತಂದೆ ತಾಯಿ, ಅಷ್ಟೇ. ಮೂವತ್ತು ವರ್ಷದಿಂದ ಈ ಊರಿನ ಪತ್ರಿಕೆಗಳನ್ನೆಲ್ಲ ಅಚ್ಚು ಹಾಕಿದವಳು ನಾನು. ಗಂಡ ತೀರಿಕೊಂಡ ಮೇಲೂ ಪ್ರೆಸ್ಸನ್ನು ಮುಚ್ಚಲಿಲ್ಲ. ಬೇರೆ ಊರಿನ ಬೀಗರು ಬಂದಾಗ ಮಾತ್ರ ತಕರಾರು ಏಳುತ್ತಿತ್ತು. “ನಮ್ಮ ತಾತನ ಹೆಸರಿಲ್ಲದೆ ಪತ್ರಿಕೆ ಹೆಂಗಮ್ಮ ಹಂಚೋದು?” ಎಂದು ಅವರು ದನಿ ಎತ್ತುತ್ತಿದ್ದರು. ಆಗ ನಮ್ಮೂರ ಕಡೆಯವರು ಅವರನ್ನು ಹೊರಗೆ ಕರೆದೊಯ್ದು, ಎಲೆಅಡಿಕೆ ಕೊಟ್ಟು, ಮೆಲ್ಲಗೆ ಏನೋ ಹೇಳಿ ಕರೆತರುತ್ತಿದ್ದರು. ಒಳಗೆ ಬಂದ ಬೀಗರು ಮತ್ತೆ ಆ ಮಾತು ಎತ್ತುತ್ತಿರಲಿಲ್ಲ.

ನಾವು ಹುಟ್ಟುವ ಮುಂಚೆಯೇ ಸತ್ತ ಹಿರಿಯರನ್ನು ಇಲ್ಲಿ ಕಾಣದವರು ಎನ್ನುತ್ತಾರೆ. ಕಣ್ಣಾರೆ ಕಂಡ ಅಜ್ಜ ಅಜ್ಜಿಯರಿಂದ ಏನೂ ತೊಂದರೆಯಿಲ್ಲ. ಕಾಣದವರದು ತಿಳಿದರೆ ಮಾತ್ರ ತಗಲುತ್ತದೆ. ಮುತ್ತಜ್ಜ ಕುಂಟನಾಗಿದ್ದ ಎಂದು ಯಾರಾದರೂ ಬಾಯಿತಪ್ಪಿ ಅಂದರೆ, ಕೇಳಿಸಿಕೊಂಡ ಮರಿಮಗ ಜಗಲಿ ಇಳಿಯುವಷ್ಟರಲ್ಲಿ ಕಾಲೆಳೆಯುತ್ತಾನೆ. ಮುತ್ತಜ್ಜಿಗೆ ಹುಣಸೆಹಣ್ಣು ಆಗುತ್ತಿರಲಿಲ್ಲ ಎಂದು ತಿಳಿದವಳಿಗೆ ಅಂದಿನ ಸಾರೇ ಗಂಟಲಲ್ಲಿ ಇಳಿಯುವುದಿಲ್ಲ. ಸಾವು ಮಾತ್ರ ಕೂಡಲೇ ಬರುವುದಿಲ್ಲ, ಆದರೆ ಅದಕ್ಕೆ ಮನೆಯ ದಾರಿ ಗೊತ್ತಾಗಿಬಿಡುತ್ತದೆ. ಹಾಗಾಗಿ ಇಲ್ಲಿನ ಮುದುಕರು ಮಕ್ಕಳ ಮುಂದೆ ಹಳೆಯ ಕಾಲದ ಬೆಳೆ, ಮಳೆ, ಸುಣ್ಣದ ಗೂಡುಗಳ ಮಾತಾಡುತ್ತಾರೆಯೇ ಹೊರತು ಮನುಷ್ಯರ ಮಾತಾಡುವುದಿಲ್ಲ. ಶಾನುಭೋಗರ ಕಾಲದ ರಿಜಿಸ್ಟರುಗಳು ಕಚೇರಿಯ ಹಿಂದಿನ ಕೋಣೆಯಲ್ಲಿ ಬಟ್ಟೆ ಸುತ್ತಿಕೊಂಡು ಬಿದ್ದಿದ್ದವು. ಆ ಕೋಣೆಯ ಬೀಗದ ಕೈ ಎಲ್ಲಿದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಮೇಲಿನವರ ಆದೇಶ ಹಿಡಿದುಕೊಂಡು ಕೆಲವರು ಬಂದರು. ಬೀಗ ಒಡೆಸಿ, ಹದಿನೈದು ದಿನ ಕೂತು, ಒಂದೊಂದು ಹಾಳೆಯನ್ನೂ ಫೋಟೊ ತೆಗೆದುಕೊಂಡು ಹೋದರು. ಎಲ್ಲ ಊರುಗಳಲ್ಲೂ ಹೀಗೇ ಮಾಡಿದರಂತೆ. ಆಮೇಲೆ ಅದನ್ನೆಲ್ಲ ಟೈಪು ಮಾಡಿಸಿ, ಯಾರಿಗೆ ಯಾರು ಏನಾಗಬೇಕು ಎಂದು ಜೋಡಿಸಿ, ವಂಶವೃಕ್ಷ ಮಾಡಿ ಇಂಟರ್‌ನೆಟ್ಟಿಗೆ ಹಾಕಿದರು. ಕೈಯಲ್ಲೊಂದು ಫೋನಿದ್ದರೆ ಸಾಕು, ಯಾರು ಯಾರ ಹೆಸರನ್ನಾದರೂ ಹುಡುಕಬಹುದು, ಪೂರ್ತಿ ಉಚಿತ. ಬೇರೆ ಊರುಗಳಲ್ಲಿ ಜನ ಕುಣಿದಾಡಿದರಂತೆ. ಯಾವುದೋ ಕಾಲದಲ್ಲಿ ಅಗಲಿದ ಎರಡು ಮನೆಯವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದ ಫೋಟೊ ಪೇಪರಿನಲ್ಲಿ ಬಂದಿತ್ತು. ನಮ್ಮ ಬಸ್‌ ಸ್ಟ್ಯಾಂಡಿನಲ್ಲೂ ಒಂದು ದೊಡ್ಡ ಪೋಸ್ಟರ್ ಅಂಟಿಸಿದರು. ‘ನಿಮ್ಮ ಹಿರಿಯರು ನಿಮಗಾಗಿ ಕಾಯುತ್ತಿದ್ದಾರೆ’ ಎಂದು ಅದರಲ್ಲಿ ಬರೆದಿತ್ತು. ಸುಣ್ಣದ ಬೀದಿಯ ಗಂಡಸರು ಬಕೆಟ್ಟು ಬ್ರಷ್ಷು ತಂದು ಅದರ ಮೇಲೆ ಮೂರು ಸಲ ಸುಣ್ಣ ಬಳಿದರು. ಮಳೆ ಹನಿದಾಗಲೆಲ್ಲ ಅಕ್ಷರಗಳು ಮತ್ತೆ ಮೂಡುತ್ತಿದ್ದವು.

ಮೊದಲು ಸಿಕ್ಕಿಬಿದ್ದವನು ಟೈಲರ್ ಲೋಹಿತಪ್ಪ. ಧೈರ್ಯಕ್ಕೋ ಚಪಲಕ್ಕೋ, ಮುತ್ತಜ್ಜನ ಹೆಸರು ಹುಡುಕಿದ. ಮುತ್ತಜ್ಜ ಹಾಡುಗಾರನಾಗಿದ್ದನಂತೆ. ಮಧ್ಯಾಹ್ನ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತ ಕೂತವನು ಬಾಯಿ ತೆಗೆದರೆ, ಬಜಾರಿಗೆ ಬಜಾರೇ ವ್ಯಾಪಾರ ಬಿಟ್ಟು ನಿಂತಿತು. ಅಂಥ ಕಂಠ. ಒಂದು ವಾರ ಜನ ಅವನ ಅಂಗಡಿ ಮುಂದೆಯೇ ಇದ್ದರು. ಇನ್ನೂ ಏನೇನಿದೆಯೋ ನೋಡೋಣ ಎಂದು ಅವನು ಮುಂದಿನ ಸಾಲನ್ನೂ ಓದಿದ. ಅದರಲ್ಲಿ ಏನಿತ್ತೋ ನಮಗೆ ಗೊತ್ತಿಲ್ಲ. ಎಂಟನೇ ದಿನ ಬೆಳಿಗ್ಗೆ ಹೆಂಡತಿ ಕಾಫಿ ತರುವಷ್ಟರಲ್ಲಿ ಚಪ್ಪಲಿಯನ್ನೂ ಹಾಕದೆ ಹೊರಟವನು ಇವತ್ತಿನವರೆಗೂ ಬಂದಿಲ್ಲ. ಅದಾದ ಮೇಲೆ ಜವಳಿ ಅಂಗಡಿ ಶರಭಣ್ಣನಿಗೆ ಯಾರೋ ಆಗದವರು ಅವನ ಮನೆತನದ ಪುಟವನ್ನೇ ಫೋನಿಗೆ ಕಳಿಸಿದರು. ಊಟ ಮಾಡುತ್ತ ಮೆಸೇಜು ತೆರೆದನಂತೆ. ಬೇಡ ಎಂದು ಮನಸ್ಸು ಹೇಳುವ ಮುಂಚೆ ಕಣ್ಣು ಎರಡು ಸಾಲು ಓದಿ ಮುಗಿಸಿತ್ತು. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅಂದಿನಿಂದ ಅವನ ಮಾತು ನಿಂತಿದೆ. ಗಿರಾಕಿಗಳಿಗೆ ಬೆರಳು ತೋರಿಸಿ ಸೀರೆ ಮಾರುತ್ತಾನೆ.

ಜನ ಹೆದರಿದರು, ಆದರೆ ಬದುಕುವುದನ್ನು ಬಿಡಲಿಲ್ಲ. ಫೋನು ಬಂದರೆ ಎತ್ತುವುದು, ಮೆಸೇಜು ಬಂದರೆ ತೆರೆಯದೆ ಅಳಿಸುವುದು ರೂಢಿಯಾಯಿತು. ಕಳಿಸಿದವರ ಹೆಸರಿಲ್ಲದ ಕಾಗದವನ್ನು ಪೋಸ್ಟ್‌ಮ್ಯಾನ್ ಕೈಗೇ ವಾಪಸ್ಸು ಕೊಡುತ್ತಿದ್ದರು. ಬಾಗಿಲ ಸಂದಿಯಲ್ಲಿ ಯಾರಾದರೂ ಹಾಳೆ ತೂರಿಸಿಯಾರೆಂದು ಹೊಸ್ತಿಲಿಗೆ ಹಳೇ ಗೋಣಿ ಒತ್ತಿಡುತ್ತಿದ್ದರು. ಅಕ್ಷರ ಬರುವವರು ಬಾರದವರನ್ನು ಕಂಡು ಪುಣ್ಯವಂತರು ಎನ್ನತೊಡಗಿದರು.

ಹಾಗಿದ್ದರೂ ತಿಳಿಯಲೇಬೇಕಾದ ಸಂಗತಿಗಳು ಇರುತ್ತವೆ. ಅದಕ್ಕೆ ಜನ ನನ್ನನ್ನು ಹಿಡಿದರು. ನಾನು ಈ ಊರಿನವಳಲ್ಲ. ನನಗೆ ನಾಲ್ಕು ವರ್ಷವಿದ್ದಾಗ ನನ್ನವ್ವ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಹೊಳೆ ದಾಟಿ ಇಲ್ಲಿಗೆ ಬಂದಳಂತೆ. ಯಾಕೆ ಬಂದಳು, ಯಾರನ್ನು ನಂಬಿ ಬಂದಳು, ಹೇಳಲಿಲ್ಲ. ಕೇಳಿದರೆ “ನಮಗೆ ಯಾರೂ ಇಲ್ಲ ಕಣವ್ವ, ನಾವಿಬ್ರೇ” ಅನ್ನುತ್ತಿದ್ದಳು. ಹಾಗಾಗಿ ಊರವರ ಲೆಕ್ಕದಲ್ಲಿ ನಾನು ಯಾರಿಗೂ ಏನೂ ಆಗದವಳು, ಯಾರ ಪುಟ ಓದಿದರೂ ನನಗೇನೂ ತಗಲದು. ನಾನೂ ಹಾಗೆಯೇ ನಂಬಿದ್ದೆ.

ಪ್ರೆಸ್ಸಿನ ಮೂಲೆಯಲ್ಲಿರುವ ಕಂಪ್ಯೂಟರಿನ ಮುಂದೆ ನಾನು ಕೂರುತ್ತಿದ್ದೆ. ಬಂದವರು ನನಗೆ ಬೆನ್ನು ಮಾಡಿ, ಕಿವಿಗೆ ಹತ್ತಿ ಇಟ್ಟುಕೊಂಡು, ಗೋಡೆ ನೋಡುತ್ತ ಸ್ಟೂಲಿನ ಮೇಲೆ ಕೂರುತ್ತಿದ್ದರು. ಒಂದೇ ಪ್ರಶ್ನೆ. ಹೌದಾದರೆ ಬಲಭುಜ ಮುಟ್ಟುತ್ತಿದ್ದೆ, ಇಲ್ಲವಾದರೆ ಎಡಭುಜ. ಈ ಸಂಬಂಧ ಆಗಬಹುದೇ ಎಂದು ಕೆಲವರು, ಜಮೀನು ನಮ್ಮದೇ ಹೌದೇ ಎಂದು ಕೆಲವರು. ಒಬ್ಬ ಮುದುಕ ಮಾತ್ರ ಬಂದು, “ನಮಗೂ ಅಂತ ಯಾರಾದ್ರೂ ಇದ್ರಾ? ಅಷ್ಟು ಹೇಳು ಸಾಕು” ಎಂದ. ನಾನು ಬಲಭುಜ ಮುಟ್ಟಿದೆ. ಅವನು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, ಹತ್ತಿ ತೆಗೆಯುವುದನ್ನೂ ಮರೆತು ಹೋದ. ಓದಿದ್ದನ್ನೆಲ್ಲ ನಾನು ಅಚ್ಚಿನ ಕರಡಿನ ಹಾಗೆ ಓದಿ ಮರೆಯುತ್ತಿದ್ದೆ. ನೂರಾರು ಮನೆಗಳ ಕುಂಟರು ಕುರುಡರು ನನ್ನ ಕಣ್ಣ ಮುಂದೆ ಹಾದುಹೋದರು, ನನಗೆ ಒಂದು ನೆಗಡಿಯೂ ಬರಲಿಲ್ಲ.

ನೀಲಗಂಗಿ ನನ್ನ ಪಕ್ಕದ ಮನೆಯವಳು. ಅವಳ ತವರು ಇದೇ ಊರಿನ ಸುಣ್ಣದ ಬೀದಿ, ನಾವು ಬಸ್ಸು ಇಳಿಯುವುದೂ ಅಲ್ಲೇ. ಗಂಡ ಓಬಳೇಶ ಸುಣ್ಣದ ಗೂಡಿನಲ್ಲಿ ಕೆಲಸ ಮಾಡುತ್ತಾನೆ. ಒಬ್ಬಳೇ ಮಗಳು ಮಂದಾರ, ಆರು ವರ್ಷ. ಶಾಲೆಯಿಂದ ಬಂದವಳೇ ನನ್ನ ಪ್ರೆಸ್ಸಿಗೆ ನುಗ್ಗಿ, ಕತ್ತರಿಸಿ ಉಳಿದ ಬಣ್ಣದ ಕಾಗದದ ಚೂರುಗಳನ್ನು ಲಂಗದಲ್ಲಿ ತುಂಬಿಕೊಂಡು ಓಡುವುದು ಅವಳ ದಿನಚರಿ. ಆ ವರ್ಷ ಯುಗಾದಿ ಕಳೆದ ಮೇಲೆ ಒಂದು ದಿನ ಶಾಲೆಯ ಗಂಟೆ ಹೊಡೆದದ್ದೇ ತಡ, ಮಗು ನಿಂತಲ್ಲೇ ಬಿದ್ದಿತು. ಮೈ ಬಿಳಿಚಿಕೊಂಡು ಉಸಿರೇ ಇಲ್ಲದ ಹಾಗಿತ್ತಂತೆ. ಮೇಷ್ಟ್ರು ನೀರು ಚಿಮುಕಿಸುವಷ್ಟರಲ್ಲಿ ಎದ್ದು ಕೂತಿತು. ಹಸಿವಿಗೆ ಎಂದರು. ವಾರದೊಳಗೆ ಮತ್ತೆ ಬಿದ್ದಿತು, ಈ ಸಲ ಮನೆಯ ಬಾಗಿಲು ಗಾಳಿಗೆ ಧಡಾರನೆ ಹಾಕಿಕೊಂಡಾಗ. ದೊಡ್ಡ ಊರಿನ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿನ ಡಾಕ್ಟರಮ್ಮ ಎದೆಗೆ ವೈರು ಹಚ್ಚಿ ಪಟ್ಟಿ ತೆಗೆದು, ಹಿಂದೆ ಮುಂದೆ ತಿರುಗಿಸಿ ನೋಡಿ, “ನಿಮ್ಮ ಮನೆತನದಲ್ಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ಇದ್ದಕ್ಕಿದ್ದ ಹಾಗೆ ಸತ್ತಿದ್ರಾ? ವಿಚಾರಿಸಿ ಬರ್ಕೊಂಡು ಬನ್ನಿ. ಅದು ಗೊತ್ತಾಗದೆ ಈ ಮಾತ್ರೆ ಶುರು ಮಾಡೋಕೆ ನನಗೆ ಧೈರ್ಯ ಇಲ್ಲ, ಬೇರೆ ಕಾಯಿಲೆ ಆಗಿದ್ರೆ ಇದೇ ಮಾತ್ರೆ ಕೆಟ್ಟದ್ದು ಮಾಡುತ್ತೆ” ಎಂದಳಂತೆ.

ಅಲ್ಲಿಂದ ಬಂದವಳೇ ನೀಲಗಂಗಿ ನನ್ನ ಪ್ರೆಸ್ಸಿನ ಹೊಸ್ತಿಲಲ್ಲಿ ಕುಕ್ಕರಿಸಿದಳು. ಹಿಂದೆ ಓಬಳೇಶ ನಿಂತಿದ್ದ.

“ಇಂದಕ್ಕ, ನೀನೇ ಓದ್ಬೇಕು.”

“ಬ್ಯಾಡ ಅಂತ ಹೇಳಿ ಇಂದಮ್ಮ,” ಓಬಳೇಶ ಅಂದ. “ಶರಭಣ್ಣನ್ನ ನೋಡಿದೀರಲ್ಲ. ಇರೋ ಒಂದ್ ಮಗೀನ್ನ ಅಲ್ದೆ ಇವಳ್ನೂ ಕಳ್ಕಂಬೇಕಾ ನಾನು?”

“ನನಗೇನ್ ಹೇಳ್ತಾಳೆ ಅಕ್ಕ?” ಎಂದು ಗಂಡನಿಗೆ ಹೇಳಿ ನೀಲಗಂಗಿ ನನ್ನತ್ತ ತಿರುಗಿದಳು. “ನನಗೆ ಒಂದಕ್ಷರನೂ ಬ್ಯಾಡ. ಇದೆ ಇಲ್ಲ ಅನ್ನೋದೂ ಬ್ಯಾಡ. ನೀನು ಓದಿ, ಬರ್ದು, ಕವರಿಗೆ ಹಾಕಿ, ಡಾಕ್ಟ್ರಮ್ಮನ ಕೈಗೆ ನೀನೇ ಕೊಡು.”

“ಡಾಕ್ಟರಮ್ಮನೇ ಓದಿಕೊಳ್ಳಬಹುದಲ್ಲ ನೀಲಾ? ಅವರ ಹತ್ರವೂ ಕಂಪ್ಯೂಟರ್ ಇರುತ್ತೆ.”

“ಅವರು ಹೊರಗಿನೋರು ಅಕ್ಕ. ಬಾಯಿ ಬಿಗಿ ಹಿಡಿಯೋದು ಅವರಿಗೆ ಬರಲ್ಲ. ‘ಓ, ನಿಮ್ಮ ಮುತ್ತಜ್ಜಿಗೆ ಹಿಂಗಿತ್ತಂತೆ’ ಅಂತ ನನ್ನ ಮುಂದೇನೇ ಓದ್ಬಿಟ್ರೆ? ಮಗು ಕೇಳಿಸ್ಕಂಬಿಟ್ರೆ?”

ಹೊರಗಿನೋರು ಎಂದು ಅವಳು ನನ್ನ ಮುಂದೆಯೇ ಅಂದದ್ದು ಕೇಳಿ ನಗು ಬಂತು. ಐವತ್ತು ವರ್ಷ ಇದ್ದ ಮೇಲೆ ನಾನು ಬಾಯಿ ಬಿಗಿ ಹಿಡಿಯುವುದನ್ನಾದರೂ ಕಲಿತಿದ್ದೆನಲ್ಲ.

ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ಅವಳು ಬಂದು ಸ್ಟೂಲಿನ ಮೇಲೆ ಕೂತಳು. ಕಿವಿಗೆ ಹತ್ತಿ ಇಟ್ಟುಕೊಂಡು ಅದರ ಮೇಲೆ ಸೆರಗನ್ನೂ ಬಿಗಿದಳು. ಅವಳ ತಾಯಿಯ ತಾಯಿ ಚೌಡವ್ವ, ಅವಳು ಕಂಡ ಅಜ್ಜಿ. ಆ ಹೆಸರನ್ನೂ ಸುಣ್ಣದ ಬೀದಿ ಎಂದೂ ಹೊಡೆದೆ. ಚೌಡವ್ವನ ತಾಯಿ ಕರಿಯವ್ವ. ಅವಳ ಹೆಸರಿನ ಮುಂದೆ ಏನೂ ಇರಲಿಲ್ಲ. ಕರಿಯವ್ವನ ತಾಯಿ ತಿಪ್ಪವ್ವ. ಅಲ್ಲಿ ಆ ಕಾಲದ ಶಾನುಭೋಗರ ಷರಾ ಇತ್ತು. ಪುಣ್ಯಾತ್ಮ, ಯಾರಿಗೆ ಏನಾಯಿತೆಂದು ಬಿಡದೆ ಬರೆದಿಟ್ಟಿದ್ದ. ‘ಎಡಗಿವಿ ಹುಟ್ಟಿನಿಂದ ಕೇಳದು.’

ಅದನ್ನು ಓದಿದ ಗಳಿಗೆಯಲ್ಲಿ ಫ್ಯಾನು ನಿಂತಿತೆಂದುಕೊಂಡೆ. ಎಡಗಡೆ ಮೇಜಿನ ಮೇಲಿರುವ ಹಳೆಯ ಫ್ಯಾನದು, ಯಾವಾಗಲೂ ಕಟಕಟ ಎನ್ನುತ್ತದೆ. ತಿರುಗಿ ನೋಡಿದರೆ ಅದು ತಿರುಗುತ್ತಲೇ ಇತ್ತು. ಎಡಗಿವಿಯ ಹತ್ತಿರ ಬೆರಳು ಚಿಟಿಕೆ ಹೊಡೆದೆ. ಬೆರಳು ಬೆರಳಿಗೆ ತಾಗಿದ್ದು ಗೊತ್ತಾಯಿತು, ಸದ್ದು ಬರಲಿಲ್ಲ. ಇನ್ನೊಮ್ಮೆ ಹೊಡೆದೆ. ಅಂಗೈ ಬೆವೆತು ಮೌಸು ಜಾರಿತು.

ತಿಪ್ಪವ್ವ ನನ್ನವಳು. ಬೇರೆ ಯಾವ ಅರ್ಥವನ್ನು ಹಚ್ಚಿದರೂ ಸರಿಹೋಗಲಿಲ್ಲ.

ಕಂಪ್ಯೂಟರ್ ಆರಿಸಿಬಿಡಬಹುದಿತ್ತು. ಕೈ ಸ್ವಿಚ್ಚಿನವರೆಗೂ ಹೋಗಿತ್ತು. ಕೆಳಗೆ ತಿಪ್ಪವ್ವನ ಮಕ್ಕಳ ಹೆಸರುಗಳು ಕಾಣುತ್ತಿದ್ದವು, ಒಂದೊಂದರ ಮುಂದೆಯೂ ಷರಾ. ಡಾಕ್ಟರಮ್ಮ ಕೇಳಿದ್ದಕ್ಕೆ ಉತ್ತರವಿದ್ದರೆ ಅಲ್ಲೇ ಇತ್ತು. ಒಂದು ಕೈಯಿಂದ ತೆರೆಯನ್ನು ಮುಚ್ಚಿಕೊಂಡು ಯೋಚಿಸಿದೆ. ಬೇರೆ ಯಾರನ್ನಾದರೂ ಕರೆದು ಓದಿಸಲೇ? ಯಾರನ್ನು? ಹೊಳೆಯಾಚೆಯಿಂದ ಬಂದ ನಾನೇ ಈ ಮನೆಯವಳಾದರೆ ಈ ಊರಿನಲ್ಲಿ ಯಾರು ಯಾರಲ್ಲ ಎಂದು ಹೇಳುವುದು? ನಾನು ಹೇಗೂ ಸಿಕ್ಕಿಬಿದ್ದಾಗಿತ್ತು, ಇನ್ನೊಬ್ಬರನ್ನು ಯಾಕೆ ಕೂರಿಸಬೇಕು. ಗೋಡೆ ನೋಡುತ್ತ ಕೂತ ನೀಲಗಂಗಿಯ ಬೆನ್ನು ಕಂಡಿತು. ಬೆರಳಲ್ಲಿ ಸೆರಗಿನ ಅಂಚನ್ನು ಸುರುಳಿ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಸತ್ಯ ಹೇಳಬೇಕೆಂದರೆ ನಾನು ಅವಳ ಮೇಲೆ ಆಗ ಸಿಟ್ಟಾದೆ. ನನ್ನನ್ನು ಯಾಕೆ ಕೇಳಿದೆ ಎಂದು. ಆಮೇಲೆ ಕೈ ತೆಗೆದೆ.

‘ಮಲ್ಲ, ಒಂಬತ್ತು ವರ್ಷ. ಈಜು ಬಲ್ಲವನು. ಕೆರೆಗೆ ಹಾರಿದವನು ಮೇಲೆ ಏಳಲಿಲ್ಲ. ಹೊಟ್ಟೆಯಲ್ಲಿ ನೀರಿರಲಿಲ್ಲ.’

ನನ್ನ ಎದೆ ಒಂದು ಬಡಿತ ತಪ್ಪಿಸಿತು. ಆಮೇಲೆ ಮೂರನ್ನು ಒಟ್ಟಿಗೆ ಬಡಿಯಿತು.

‘ಈರ, ಇಪ್ಪತ್ತು ವರ್ಷ. ಕಲ್ಲುಕ್ವಾರಿಯಲ್ಲಿ ಮದ್ದು ಸಿಡಿದ ಸದ್ದಿಗೆ ನಿಂತಲ್ಲೇ ಬಿದ್ದು ಸತ್ತ. ಮೈಮೇಲೆ ಗಾಯವಿಲ್ಲ.’

ಮೇಜಿನ ಅಂಚನ್ನು ಹಿಡಿದುಕೊಂಡೆ. ಉಸಿರನ್ನು ಎಣಿಸಿ ಎಣಿಸಿ ಬಿಡಬೇಕಾಯಿತು.

‘ಹೊಂಬಾಳೆ, ಕಿರಿಯವಳು. ಅಣ್ಣಂದಿರು ಹೀಗಾದ ಮೇಲೆ ಈ ಮನೆಯ ಮಕ್ಕಳು ಉಳಿಯುವುದಿಲ್ಲವೆಂದು ಇವಳನ್ನು ಹೊಳೆಯಾಚೆಗೆ ಕೊಟ್ಟರು. ಹೆರಿಗೆಯಾದ ಒಂಬತ್ತನೇ ದಿನ ಬಾಗಿಲಲ್ಲಿ ಬಿದ್ದು ಸತ್ತಳು. ಮಗಳು ಹೊನ್ನಾದೇವಿ.’

ಹೊನ್ನಾದೇವಿ ನನ್ನವ್ವ. ಕೊನೆಯ ಸಾಲು ಹೀಗಿತ್ತು: ‘ಹೊನ್ನಾದೇವಿಗೆ ಒಂದು ಹೆಣ್ಣುಮಗು. ಹೆಸರು ತಿಳಿಯದು.’ ಪಕ್ಕದಲ್ಲಿ ಒಂದು ಸಣ್ಣ ಹಸಿರು ಗುಂಡಿ, ‘ನಿಮಗೆ ಗೊತ್ತಿದ್ದರೆ ತುಂಬಿ’ ಎಂದು.

ಎಷ್ಟು ಹೊತ್ತು ಅದನ್ನು ನೋಡುತ್ತ ಕೂತೆನೋ. ನನ್ನವ್ವ ಸುಮ್ಮನೆ ಬಂದವಳಲ್ಲ. ತನ್ನವ್ವನ ತವರನ್ನು ಹುಡುಕಿಕೊಂಡು ಬಂದು, ಈ ಊರಿನ ರೀತಿ ಏನೆಂದು ತಿಳಿದ ಮೇಲೆ ಬಾಯಿ ಮುಚ್ಚಿಕೊಂಡಿದ್ದಳು. ಸುಣ್ಣದ ಬೀದಿಯ ಪಕ್ಕದಲ್ಲೇ ಬಾಡಿಗೆ ಮನೆ ಹಿಡಿದು, ತನ್ನ ಜನರ ಮಧ್ಯೆ ಪರಕೀಯಳಂತೆ ಬದುಕಿ ಸತ್ತಿದ್ದಳು, ನನಗೆ ಏನೂ ತಗಲದಿರಲಿ ಎಂದು. ಮತ್ತೆ ಆ ಸ್ಟೂಲಿನ ಮೇಲೆ ಕೂತಿದ್ದ ಹೆಂಗಸು ನನ್ನ ಅಜ್ಜಿಯ ಅಕ್ಕನ ಮೊಮ್ಮಗಳ ಮಗಳು. ಮಂದಾರ ನನ್ನ ರಕ್ತ. ಎದ್ದು ಹೋಗಿ ಅವಳ ಬೆನ್ನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಎದ್ದೂ ಬಿಟ್ಟೆ. ಆದರೆ ತಬ್ಬಿಕೊಂಡು ಏನು ಹೇಳುವುದು? ನಾನು ಅವಳಿಗೆ ಏನಾಗಬೇಕೆಂದು ತಿಳಿದರೆ, ನನ್ನ ಕಿವಿ ಹೋದದ್ದು ಯಾರಿಂದ ಎಂದು ಅವಳಿಗೆ ತಾನಾಗಿ ತಿಳಿಯುತ್ತದೆ. ತಿಳಿದ ಗಳಿಗೆಯಲ್ಲೇ ಅವಳ ಕಿವಿಯೂ ಹೋಗುತ್ತದೆ. ಕಿವಿಯಷ್ಟಕ್ಕೇ ನಿಲ್ಲುತ್ತದೆಯೇ?

ಹಸಿರು ಗುಂಡಿಯನ್ನು ಒತ್ತಲಿಲ್ಲ. ಹಾಳೆಯ ಮೇಲೆ ನಾಲ್ಕು ಸಾಲು ಬರೆದು, ಕವರಿಗೆ ಹಾಕಿ, ಗೋಂದು ಹಚ್ಚಿ, ಅವಳ ಭುಜ ಮುಟ್ಟಿದೆ. ಯಾವ ಭುಜವನ್ನೂ ಉತ್ತರವೆಂದುಕೊಳ್ಳದಿರಲಿ ಎಂದು ಎರಡನ್ನೂ ಒಟ್ಟಿಗೆ ಮುಟ್ಟಿದೆ.

ಅವಳು ಹತ್ತಿ ತೆಗೆದು ನನ್ನ ಮುಖ ನೋಡಿದಳು. “ಯಾಕಕ್ಕ, ಹಿಂಗ್ ಬೆವೆತಿದೀಯ?”

“ಫ್ಯಾನ್ ಕೆಟ್ಟಿದೆ ಕಣೆ,” ಅಂದೆ. ಫ್ಯಾನು ತಿರುಗುತ್ತಿತ್ತು. ಅವಳು ಅದನ್ನು ನೋಡಿದಳು.

ನಾನು, ನೀಲಗಂಗಿ, ಮಂದಾರ ಮೂವರೂ ಆಸ್ಪತ್ರೆಗೆ ಹೋದೆವು. ನಾನೊಬ್ಬಳೇ ಡಾಕ್ಟರಮ್ಮನ ಕೋಣೆಗೆ ಹೋಗಿ ಕವರು ಕೊಟ್ಟು, “ದಯವಿಟ್ಟು ಜೋರಾಗಿ ಓದಬೇಡಿ, ಅವರಿಗೆ ಹೇಳಲೂ ಬೇಡಿ, ನಮ್ಮೂರ ಪದ್ಧತಿ” ಎಂದು ಕೈಮುಗಿದೆ. ಅವಳು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಓದಿದಳು. ಓದುತ್ತ ಓದುತ್ತ ಅವಳ ಮುಖ ಗಂಭೀರವಾಯಿತು. “ಇದೇ ನನಗೆ ಬೇಕಾಗಿದ್ದು. ಸರಿಯಾದ ಹೊತ್ತಿಗೆ ತಂದ್ರಿ” ಎಂದಳು. ಅಂದೇ ಮಾತ್ರೆ ಶುರುವಾಯಿತು. ಮಗು ಓಡಬಾರದು, ಈಜಬಾರದು, ಗಂಟೆ ಪಟಾಕಿಗಳ ಹತ್ತಿರ ಹೋಗಬಾರದು, ಒಂದು ದಿನವೂ ಮಾತ್ರೆ ತಪ್ಪಿಸಬಾರದು ಎಂದು ತಾಯಿಗೆ ಹೇಳಿದಳು. ಶಾಲೆಯವರು ಗಂಟೆ ಹೊಡೆಯುವುದನ್ನು ಬಿಟ್ಟು ಕೈಬೀಸಿ ಮಕ್ಕಳನ್ನು ಬಿಡತೊಡಗಿದರು. ಮಂದಾರ ಮತ್ತೆ ಬೀಳಲಿಲ್ಲ.

ನಾನು ನನ್ನ ಎಡಗಿವಿಯನ್ನು ಬಚ್ಚಿಟ್ಟುಕೊಂಡು ಬದುಕಲು ಕಲಿತೆ. ಯಾರೇ ಬಂದರೂ ಬಲಗಡೆ ಕೂರುವ ಹಾಗೆ ಕುರ್ಚಿಗಳನ್ನು ಸರಿಸಿದೆ. ರಸ್ತೆಯಲ್ಲಿ ಗೋಡೆಗೆ ಎಡಮೈ ತಾಗಿಸಿಕೊಂಡು ನಡೆದೆ. ಊರಿನಲ್ಲಿ ಹೊಸದಾಗಿ ಯಾರಿಗೇನಾದರೂ ಆದರೆ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: ಅವರು ಕಡೆಯ ಸಲ ಯಾರ ಪುಟ ಓದಿದರು? ನನ್ನ ವಿಷಯದಲ್ಲಿ ಅದರ ಉತ್ತರ ನೀಲಗಂಗಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಓದುವ ಕೆಲಸವನ್ನೂ ಬಿಟ್ಟೆ. ಕಣ್ಣು ಮಂಜಾಗಿದೆ ಎಂದೆ. ಜನ ಬೇಸರ ಮಾಡಿಕೊಂಡರು.

ಕಿವಿಗಿಂತ ಎದೆಯ ಭಯ ದೊಡ್ಡದು. ಕುಕ್ಕರ್ ಕೂಗುವ ಮುಂಚೆ ಅಡುಗೆಮನೆಯಿಂದ ಹೊರಗೆ ಬರುತ್ತಿದ್ದೆ. ಪ್ರೆಸ್ಸಿನ ಕಟಿಂಗ್ ಮೆಷಿನ್ನಿನ ಕತ್ತಿ ಬೀಳುವಾಗ ಎದೆಯನ್ನು ಕೈಯಿಂದ ಒತ್ತಿ ಹಿಡಿಯುತ್ತಿದ್ದೆ. ಸಾವಿಗೆ ದಾರಿ ಗೊತ್ತಾಗಿದೆ, ಈಗ ಎಲ್ಲಿಯವರೆಗೆ ಬಂದಿದೆಯೋ ಎಂದು ದಿನವಿಡೀ ಲೆಕ್ಕ ಹಾಕುವುದು ಎಂಥ ಬದುಕು. ಮೂರನೇ ತಿಂಗಳು, ಬಸ್‌ ಸ್ಟ್ಯಾಂಡಿನಲ್ಲಿ ಕಾಗದದ ರಿಮ್ಮು ಇಳಿಸಿಕೊಳ್ಳುತ್ತಿದ್ದಾಗ ಲಾರಿಯೊಂದರ ಟೈರು ಸಿಡಿಯಿತು. ಅದರಾಚೆ ನನಗೆ ನೆನಪಿಲ್ಲ. ಕಣ್ಣು ಬಿಟ್ಟಾಗ ಮಣ್ಣಿನಲ್ಲಿ ಬಿದ್ದಿದ್ದೆ, ನೀಲಗಂಗಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆನ್ನೆ ತಟ್ಟುತ್ತಿದ್ದಳು.

“ಸೋಮವಾರ ಮಗೀನ್ನ ತೋರ್ಸಕ್ಕೆ ಹೋಗ್ತಿದೀವಿ. ನೀನೂ ಬರ್ತೀಯ,” ಎಂದಳು. ಬೇಡವೆಂದರೂ ಕೇಳಲಿಲ್ಲ.

ಡಾಕ್ಟರಮ್ಮ ಮಗುವಿನ ಪಟ್ಟಿ ತೆಗೆದು ನೋಡಿ ನಕ್ಕಳು. ನನ್ನದನ್ನು ತೆಗೆದಾಗ ನಗು ಹೋಯಿತು. ಎರಡು ಪಟ್ಟಿಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಹರಡಿ, ಪೆನ್ನಿನ ತುದಿಯಿಂದ ಅಳೆದಳು. ನೀಲಗಂಗಿ ಮಗುವನ್ನು ಎತ್ತಿಕೊಂಡು ನನ್ನ ಹಿಂದೆಯೇ ನಿಂತಿದ್ದಳು.

“ಅಮ್ಮಾ, ಈ ಮಗುಗೆ ನೀವು ಏನಾಗಬೇಕು?”

“ಏನೂ ಆಗಬೇಕಿಲ್ಲ ಮೇಡಂ. ಪಕ್ಕದ ಮನೆ.”

“ಸಾಧ್ಯಾನೇ ಇಲ್ಲ. ಸಾವಿರಾರು ಜನರಲ್ಲಿ ಒಬ್ಬರಿಗೆ ಇರೋ ಕಾಯಿಲೆ ಇದು. ಅದೇ ಊರು, ಪಕ್ಕಪಕ್ಕದ ಮನೆ?” ಅವಳಿಗೆ ಹುರುಪು ಬಂದಿತ್ತು. ಕಂಪ್ಯೂಟರನ್ನು ನಮಗೂ ಕಾಣುವ ಹಾಗೆ ತಿರುಗಿಸಿದಳು. “ಈಗ ಎಲ್ಲಾ ಉಚಿತವಾಗಿ ಸಿಗುತ್ತಲ್ಲ, ಒಂದು ನಿಮಿಷದ ಕೆಲಸ. ನಿಮ್ಮ ತಾಯಿ ಹೆಸರು ಹೇಳಿ.”

ವಂಶವೃಕ್ಷದ ಆ ಪುಟದ ಮೇಲ್ಭಾಗ ತೆರೆಯ ಮೇಲೆ ಬಂದೇಬಿಟ್ಟಿತು. ಖಾಲಿ ಚೌಕದಲ್ಲಿ ಗೆರೆಯೊಂದು ಮಿನುಗುತ್ತಿತ್ತು. ಮಂದಾರಳಿಗೆ ಆ ವರ್ಷ ಓದಲು ಬಂದಿತ್ತು. ಕಂಡ ಬೋರ್ಡನ್ನೆಲ್ಲ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುವ ಮಗು. ತಾಯಿಯ ಭುಜದಿಂದ ಬಗ್ಗಿ ತೆರೆಯತ್ತಲೇ ನೋಡುತ್ತಿತ್ತು. ನನ್ನ ಎದೆ ಮತ್ತೆ ಲೆಕ್ಕ ತಪ್ಪಿತು.

“ಗೊತ್ತಿಲ್ಲ ಮೇಡಂ,” ಅಂದೆ.

“ತಾಯಿ ಹೆಸರು?”

“ಗೊತ್ತಿಲ್ಲ. ನನ್ನನ್ನ ಯಾರೋ ಬಿಟ್ಟು ಹೋಗಿದ್ರಂತೆ. ಸಾಕಿದೋರು ಹೇಳಲಿಲ್ಲ.”

ಹನ್ನೆರಡು ವರ್ಷದವಳಿದ್ದಾಗ ನನಗೆ ಟೈಫಾಯ್ಡ್ ಆಗಿ, ನನ್ನವ್ವ ಇಪ್ಪತ್ತು ದಿನ ನನ್ನ ಪಕ್ಕದಿಂದ ಏಳದೆ ಕೂತಿದ್ದಳು. ಆ ಕೈಗಳ ವಾಸನೆ ಮೂಗಿಗೆ ಬಂತು. ಡಾಕ್ಟರಮ್ಮ ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಏನೋ ನೆನಪಾದವಳಂತೆ, ನಾನು ತಂದುಕೊಟ್ಟಿದ್ದ ಆ ಹಾಳೆಯನ್ನು ಫೈಲಿನಿಂದ ಅರ್ಧ ಎಳೆದು, ನನ್ನ ಕೈಬರಹವನ್ನು ನೋಡಿ, ಹಾಗೇ ಒಳಗೆ ತಳ್ಳಿದಳು. ತೆರೆಯನ್ನು ತನ್ನತ್ತ ತಿರುಗಿಸಿಕೊಂಡಳು.

“ಇರಲಿ ಬಿಡಿ. ಮಾತ್ರೆ ಬರೆದುಕೊಡ್ತೀನಿ. ತಪ್ಪಿಸಬೇಡಿ,” ಎಂದಳು. ಹೊರಗಿನವರಿಗೂ ಬಾಯಿ ಬಿಗಿ ಹಿಡಿಯಲು ಬರುತ್ತದೆ.

ಬಸ್ಸಿನಲ್ಲಿ ನಾನು ಕಿಟಕಿಯ ಪಕ್ಕ ಕೂತೆ. ಗಡಿಬಿಡಿಯಲ್ಲಿ ಯಾವ ಬದಿಯ ಸೀಟೆಂದು ನೋಡಿರಲಿಲ್ಲ. ನೀಲಗಂಗಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ನನ್ನ ಎಡಕ್ಕೆ ಕೂತಳು. ದೊಡ್ಡ ಊರು ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಅವಳ ಕಡೆ ತಿರುಗಿದರೆ, ಅವಳ ತುಟಿ ಅಲುಗುತ್ತಿತ್ತು. ಎಷ್ಟು ಹೊತ್ತಿನಿಂದ ಮಾತಾಡುತ್ತಿದ್ದಳೋ. ಕಣ್ಣಲ್ಲಿ ನೀರಿತ್ತು. ಮಾತು ನಿಲ್ಲಿಸಿ, ಉತ್ತರಕ್ಕೆ ಕಾಯುವವಳಂತೆ ನನ್ನನ್ನು ನೋಡಿದಳು. ನಾನು ಹೂಂ ಅಂದೆ. ಅವಳು ನೋಡುತ್ತಲೇ ಇದ್ದಳು. ಆಮೇಲೆ ಮೆಲ್ಲಗೆ ಎದ್ದಳು. ಮಲಗಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು, ನನ್ನನ್ನು ಕಣ್ಸನ್ನೆಯಲ್ಲೇ ಆಚೆ ಸರಿಯಲು ಹೇಳಿ, ತಾನು ಕಿಟಕಿಯ ಪಕ್ಕ, ನನ್ನ ಬಲಕ್ಕೆ ಬಂದು ಕೂತಳು.

ಅವಳಿಗೆ ಗೊತ್ತಾಗಿತ್ತು. ಎಷ್ಟು ಗೊತ್ತಾಗಿತ್ತು? ಕಿವಿ ಕೇಳುವುದಿಲ್ಲ ಎಂದಷ್ಟೇ ಗೊತ್ತಾಗಿತ್ತೋ, ಯಾರ ಕಿವಿ ಎಂದೂ ಹೊಳೆದಿತ್ತೋ? ಕೇಳುವ ಹಾಗಿರಲಿಲ್ಲ. ಕೇಳಿದರೆ ಅದೇ ಹೇಳಿದ ಹಾಗಾಗುತ್ತದೆ. ಅವಳ ಎಡಗಿವಿ ಈಗ ನನ್ನ ಕಡೆಗಿತ್ತು. ಒಂದು ಸಣ್ಣ ಹರಳಿನ ಓಲೆ, ಅದರ ಕೆಳಗೆ ಬೆವರ ಹನಿ. ಅದನ್ನೇ ನೋಡುತ್ತ ಕೂತೆ. ಏನಾದರೂ ಹೇಳಿ ಪರೀಕ್ಷಿಸಲು ಹೆದರಿದೆ. ಅವಳು ನನ್ನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಕಿಟಕಿಯಾಚೆ ನೋಡುತ್ತ, ತುಟಿ ಬಿಗಿಹಿಡಿದು ಕೂತಿದ್ದಳು. ಯೋಚಿಸಬಾರದ್ದನ್ನು ಯೋಚಿಸದಿರಲು ಈ ಊರಿನವರು ಹಾಗೆ ಕೂರುತ್ತಾರೆ.

ಅಷ್ಟರಲ್ಲಿ ನಮ್ಮ ಬೆನ್ನ ಹಿಂದೆ, ಎಡಗಡೆಯ ಬಾಗಿಲಿನಿಂದ, ಕಂಡಕ್ಟರ್ ಮೆತ್ತಗೆ, “ಸುಣ್ಣದ ಬೀದಿ ಯಾರ್ ಇಳಿಯೋರು?” ಎಂದು ಕೇಳಿದನಂತೆ. ನನಗೆ ಕೇಳಿಸಲಿಲ್ಲ. ನೀಲಗಂಗಿ ತಟ್ಟನೆ ಎಡಕ್ಕೆ ತಿರುಗಿದಳು. ಅವಳ ಎಡಗಿವಿಗೆ ಕೇಳಿಸಿತ್ತು.

“ನಾವೇ ಕಣಣ್ಣ,” ಎಂದಳು. “ಮೂರು ಜನ.”